ಕಲ್ಲಿನ ಬೆನ್ನಿನ ಹೆಸರು

ಉದ್ಯಾನವೆಂದೊಡನೆ ಹೂವು, ಹಸುರು, ನೀರಿನ ಕಾರಂಜಿ ಕಣ್ಣ ಮುಂದೆ ಸುಳಿಯುವುದು ಸಹಜ. ಜಪಾನಿನ ಕ್ಯೋಟೋ ನಗರದಲ್ಲಿ, ರಿಯೋಆಂಜಿ ದೇವಾಲಯದ ಹೆಸರಾಂತ ಅಂಗಳದಲ್ಲಿ ಇವಾವುವೂ ಇಲ್ಲ. ಸುಮಾರು 25 ಮೀಟರು ಉದ್ದ, 10 ಮೀಟರು ಅಗಲದ ಬಯಲು. ಅದರ ತುಂಬ ಬಿಳಿಯ ನುರುಜುಗಲ್ಲು. ನಡುನಡುವೆ ಐದು ಗುಂಪಾಗಿ ನಿಂತ 15 ಬಂಡೆಗಳು. ಬಂಡೆಗಳ ಬುಡಕ್ಕೆ ಅಂಟಿಕೊಂಡ ಪಾಚಿಯೇ ಅಲ್ಲಿಯ ಒಟ್ಟು ಹಸುರು. ಹಲ್ಲುಳ್ಳ ಮರದ ಕುಂಟೆಯಿಂದ ಗೆರೆಯೆಳೆದ ಆ ನುರುಜು, ನೋಡುತ್ತ ಕುಳಿತವನಿಗೆ ಮೆಲ್ಲನೆ ಕಡಲಾಗುತ್ತದೆ, ಬಂಡೆಗಳು ದ್ವೀಪಗಳಾಗುತ್ತವೆ. ಜಗಲಿಯಲ್ಲಿ ಕುಳಿತು ಎಣಿಸಿದರೆ ಸಿಕ್ಕುವುದು ಹದಿನಾಲ್ಕೇ. ಜಾಗ ಬದಲಿಸಿದರೆ ಮರೆಯಾಗಿದ್ದುದು ಕಾಣಿಸಿಕೊಂಡು ಮತ್ತೊಂದು ಮರೆಯಾಗುತ್ತದೆ. ಇದರ ಅರ್ಥವೇನೆಂದು ಪಂಡಿತರು ಬರೆದ ಪುಟಗಳು ಅಂಗಳದ ನುರುಜಿನಷ್ಟೇ ಇದ್ದಾವು!

ಆದರೆ ಅರ್ಥಕ್ಕಿಂತ ಹೆಚ್ಚಾಗಿ ಮನಸ್ಸನ್ನು ಕಾಡುವ ಸಂಗತಿ ಬೇರೊಂದಿದೆ. ಅಲ್ಲಿಯ ಒಂದು ಬಂಡೆಯ ಬೆನ್ನಿನಲ್ಲಿ, ಜಗಲಿಯಲ್ಲಿರುವವರ ಕಣ್ಣಿಗೆ ಬೀಳದಂತೆ, ಎರಡು ಹೆಸರುಗಳನ್ನು ಕೆತ್ತಿದೆ. ಒಂದು, ಕೊತಾರೋ, ಇನ್ನೊಂದರ ಅಕ್ಷರ ಸವೆದುಹೋಗಿದೆ. ಇವು ದೊರೆಗಳ ಹೆಸರಲ್ಲ, ಗುರುಗಳ ಹೆಸರೂ ಅಲ್ಲ. ‘ಕವರಮೊನೊ’ ಎಂಬ ಜನರ ಹೆಸರುಗಳಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ.

ಕವರಮೊನೊ ಎಂದರೆ ಹೊಳೆದಂಡೆಯವರು. ತೆರಿಗೆಯಿಲ್ಲದ ಮಳಲದಿಣ್ಣೆಯ ಮೇಲೆ ನೆಲೆನಿಂತು, ಸತ್ತ ದನದ ಚರ್ಮ ಸುಲಿದು ಹದಮಾಡಿ ಬದುಕಿದವರು. ಸಾವನ್ನು ಮುಟ್ಟಿದ ಕೈ ಮೈಲಿಗೆಯೆಂದು ಊರು ಅವರನ್ನು ದೂರವಿರಿಸಿತ್ತು. (ಈ ಮಾತನ್ನು ತಿಳಿಯಲು ಕನ್ನಡದ ಓದುಗನಿಗೆ ದುಭಾಷಿಯ ಅಗತ್ಯವಿಲ್ಲ.) ಅಗೆಯುವುದಕ್ಕೆ, ಮರ ನೆಡುವುದಕ್ಕೆ, ಬಂಡೆ ಸಾಗಿಸುವುದಕ್ಕೆ ಮಾತ್ರ ಅವರಿಗೆ ಕರೆ ಬರುತ್ತಿತ್ತು. ಕಲ್ಲು ಏನನ್ನು ಬೇಡುತ್ತದೆಯೋ ಅದರಂತೆ ನಡೆಯಬೇಕೆಂದು 11ನೆಯ ಶತಮಾನದ ‘ಸಕುತೇಕಿ’ ಎಂಬ ಉದ್ಯಾನ ಗ್ರಂಥ ವಿಧಿಸುತ್ತದೆ. ಗ್ರಂಥವನ್ನು ಓದಿದ ಶ್ರೀಮಂತರಿಗೆ ಕಲ್ಲಿನ ಬೇಡಿಕೆ ಕೇಳಿಸಿತೋ ಇಲ್ಲವೋ, ಹೊತ್ತವರ ಹೆಗಲಿಗೆ ಅದು ಚೆನ್ನಾಗಿಯೇ ಕೇಳಿಸಿತು. 15ನೆಯ ಶತಮಾನದ ವೇಳೆಗೆ ಕೂಲಿಯಾಳು ಕಲಾವಿದನಾಗಿದ್ದನು.

ಅವರಲ್ಲಿ ಹಿರಿಯನು ಝೆನ್‌ಆಮಿ. ಅವನು ಕಾಯಿಲೆ ಬಿದ್ದಾಗ ಷೋಗುನ್ ಅಶಿಕಾಗ ಯೊಶಿಮಾಸನೇ ಔಷಧ ಕಳುಹಿಸಿದನಂತೆ. ಝೆನ್‌ಆಮಿ 1482ರಲ್ಲಿ, 97ರ ಪಕ್ವ ವಯಸ್ಸಿನಲ್ಲಿ ತೀರಿಕೊಂಡನು. ಆ ವೇಳೆಗೆ ಪದವಿಯನ್ನು ಬಿಟ್ಟಿದ್ದ ಯೊಶಿಮಾಸನು ಅದೇ ವರ್ಷ ಪೂರ್ವದ ಬೆಟ್ಟದಡಿಯಲ್ಲಿ ವಿಶ್ರಾಂತಿಗೃಹವನ್ನು ಕಟ್ಟಿಸತೊಡಗಿದನು. ಇಂದು ‘ಬೆಳ್ಳಿಯ ಮಂಟಪ’ವೆಂದು ಜಗತ್ತು ಬಲ್ಲ ಗಿಂಕಾಕುಜಿ ಅದೇ. ಅಲ್ಲಿಯ ತೋಟದ ಕೆಲಸ ಝೆನ್‌ಆಮಿಯ ಮಗ ಮೊಮ್ಮಗರ ಪಾಲಿಗೆ ಬಂದಿತು.

ಆ ಮೊಮ್ಮಗ, ಮತಾಶಿರೋ, ಆಡಿದ ಮಾತೊಂದು 1489ರ ಝೆನ್ ಮಠದ ದಿನಚರಿಯಲ್ಲಿ ಉಳಿದುಬಂದಿದೆ. ಪ್ರಾಣಿಗಳನ್ನು ಕೊಲ್ಲುವ ಮನೆತನದಲ್ಲಿ ಹುಟ್ಟಿದೆನಲ್ಲ ಎಂದು ಅವನು ನೊಂದುಕೊಂಡಿದ್ದಾನೆ. ಆದುದರಿಂದ ಯಾವ ಜೀವವನ್ನೂ ಕೊಲ್ಲುವುದಿಲ್ಲ, ಪರರ ಸೊತ್ತಿಗೆ ಆಸೆಪಡುವುದಿಲ್ಲ ಎಂದು ನಿಯಮ ಹಿಡಿದಿದ್ದಾನೆ. ಅಧಿಪತಿಯ ತೋಟದಲ್ಲಿ ಕಲ್ಲು ನಿಲ್ಲಿಸಿದ ಕೈ, ತನ್ನ ಹುಟ್ಟಿಗಾಗಿ ಹೀಗೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಯಿತು!

ರಿಯೋಆಂಜಿಯ ಅಂಗಳವನ್ನು ಚಿತ್ರಕಾರ ಸೋಆಮಿ ರಚಿಸಿದನೆಂದು ಬಹುಕಾಲ ಹೇಳುತ್ತ ಬಂದರು. ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. 1994ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ದೇವಾಲಯಕ್ಕೆ ದೇಶವಿದೇಶಗಳಿಂದ ಜನರು ಬರುತ್ತಾರೆ. ಜಗಲಿಯಲ್ಲಿ ಕುಳಿತು ಕಲ್ಲುಗಳನ್ನು ಎಣಿಸುತ್ತಾರೆ. ಬಿದ್ದ ಎಲೆಯನ್ನಾರಿಸಿ, ನುರುಜಿಗೆ ಹೊಸ ಗೆರೆಯೆಳೆಯಲು ಆಚೆಬದಿಗೆ ಹೋದವನಿಗೆ ಮಾತ್ರ ಕೊತಾರೋನ ಹೆಸರು ಕಣ್ಣಿಗೆ ಬೀಳಬಹುದು.