ಉದ್ಯಮನಗರದಲ್ಲಿ ಮೂರು ದಿನ

ಪುಣೆಯಿಂದ ಧಾರವಾಡಕ್ಕೆ ಹೋಗುವ ದಾರಿ ನಮ್ಮ ಓದುಗರಲ್ಲಿ ಅನೇಕರಿಗೆ ಅಂಗೈಯ ಗೆರೆಯಷ್ಟೇ ಪರಿಚಿತವಾದುದು. ಖಂಬಾಟಕಿ ಘಾಟು, ಸಾತಾರಾ, ಕರಾಡ, ಕೊಲ್ಲಾಪುರ, ಕಾಗಲ, ನಿಪ್ಪಾಣಿ ಎಂದು ನಿದ್ದೆಗಣ್ಣಿನಲ್ಲಿಯೂ ಹೇಳಬಲ್ಲೆವು. ಆದರೆ ಕೊಲ್ಲಾಪುರವೆಂದರೆ ಇದುವರೆಗೆ ನಮಗೆ ಮಹಾಲಕ್ಷ್ಮಿಯ ದರ್ಶನ, ರಂಕಾಳ ಕೆರೆಯ ದಂಡೆ, ಒಂದು ಜೊತೆ ಚಪ್ಪಲಿ, ಅಷ್ಟೇ. ಆ ಊರಿನ ಉದ್ಯಮನಗರವನ್ನು ನಮಗೆ ತೋರಿಸಿದವಳು ನಮ್ಮ ಮನೆಯ ಮುದುಕಿ ಪದ್ಮಿನಿ.

ಪದ್ಮಿನಿಯೆಂದರೆ 1975ರ ಪ್ರೀಮಿಯರ್ ಪದ್ಮಿನಿ ಕಾರು. ತಯಾರಾದದ್ದು ಮುಂಬಯಿಯ ಕುರ್ಲಾದಲ್ಲಿ; ಎಂಜಿನ್ನು ನಾಲ್ಕು ಸಿಲಿಂಡರಿನದು, 1089 ಸಿಸಿ. ನಮ್ಮ ತಂದೆಯವರು ಅದನ್ನು ಎರಡನೆಯ ಕೈಯಿಂದ ಕೊಂಡು, ಮೂರನೆಯ ಕೈಗೆ ಕೊಡಲೊಲ್ಲದೆ ಕೊನೆಯವರೆಗೂ ಇಟ್ಟುಕೊಂಡರು. ಅವರು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಧಾರವಾಡದ ಮನೆಯಲ್ಲಿ ಭಾನುವಾರ ವರ್ಷಾಬ್ದಿಕ. ಅವರ ಕಾರಿನಲ್ಲಿಯೇ ಹೋಗತಕ್ಕದ್ದೆಂದು ತಾಯಿಯವರ ಹಟ. ಸರಿ, ಗುರುವಾರ ನಸುಕಿನಲ್ಲಿ ಹೊರಟೆವು.

ಖಂಬಾಟಕಿ ಏರುವಾಗ ಶಾಖದ ಮುಳ್ಳು ಮೇಲೇರಿತು. ತಂದೆಯವರಿದ್ದಾಗ ಘಾಟಿನ ನೆತ್ತಿಯಲ್ಲಿ ಕಾರು ನಿಲ್ಲಿಸಿ, ಬಾನೆಟ್ಟು ತೆರೆದು, ಕಾಲು ಗಂಟೆ ಸುಮ್ಮನೆ ನಿಲ್ಲುತ್ತಿದ್ದರು. ಹುಡುಗರಾಗಿದ್ದ ನಮಗೆ ಅದೊಂದು ದೊಡ್ಡ ಬೇಸರ. ಈ ಸಲ ನಾವು ನಿಲ್ಲಿಸಲಿಲ್ಲ. “ಯಾಕೋ ತಮ್ಮಾ, ನಿಮ್ಮಪ್ಪ ಇಲ್ಲಿ ನಿಲ್ಲತಿದ್ರಲ್ಲ?” ಎಂದು ತಾಯಿಯವರು ಕೇಳಿದರು. “ಕತ್ತಲಾಗೋದರಾಗ ಮುಟ್ಟಬೇಕವ್ವಾ” ಎಂದೆವು. ಕರಾಡದ ಬಳಿ ರೇಡಿಯೇಟರು ಕುದಿಯಹತ್ತಿತು. ಅವಸರದಲ್ಲಿ ಒದ್ದೆ ಟವೆಲ್ಲಿನಿಂದ ಮುಚ್ಚಳ ತೆಗೆದು ತಣ್ಣೀರು ಸುರಿದೆವು. ಮುಚ್ಚಳ ತೆಗೆದದ್ದು ಒಂದು ತಪ್ಪು, ತಣ್ಣೀರು ಸುರಿದದ್ದು ಇನ್ನೂ ದೊಡ್ಡ ತಪ್ಪು. ಕೊಲ್ಲಾಪುರ ಇನ್ನೇನು ಬಂತೆನ್ನುವಷ್ಟರಲ್ಲಿ ಹಿಂದಿನ ಕೊಳವೆಯಿಂದ ಬಿಳಿಯ ಹೊಗೆ ಎದ್ದು ಗಾಡಿ ನಿಂತಿತು.

ಎಳೆಸಿಕೊಂಡು ಹೋದದ್ದು ಶಿವಾಜಿ ಉದ್ಯಮನಗರಕ್ಕೆ. ಎರಕದ ಕೆಲಸಕ್ಕೆ ಕೊಲ್ಲಾಪುರ ದೇಶದಲ್ಲಿಯೇ ಹೆಸರಾದ ಊರು. ಈ ಸೀಮೆಗೂ ನಮ್ಮ ನಾಡಿಗೂ ಯಂತ್ರದ ನಂಟು ಹಳೆಯದು. ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿ ಇಟ್ಟು ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಇತ್ತ ಬಂದು ಕಿರ್ಲೋಸ್ಕರವಾಡಿಯನ್ನು ಕಟ್ಟಿ ಕಬ್ಬಿಣದ ನೇಗಿಲು ಮಾಡಿದರಷ್ಟೇ. ಉದ್ಯಮನಗರದ ಓಣಿಗಳಲ್ಲಿ ಒಬ್ಬನದು ಲೇತು, ಒಬ್ಬನದು ವೆಲ್ಡಿಂಗು, ಇನ್ನೊಬ್ಬನದು ಬರಿಯ ಗ್ರೈಂಡಿಂಗು; ಒಂದು ಕೆಲಸಕ್ಕೆ ಒಂದು ಅಂಗಡಿ.

ನಮಗೆ ಸಿಕ್ಕ ಮಿಸ್ತ್ರಿ ನಿಪ್ಪಾಣಿ ಕಡೆಯ ಹಿರಿಯ. ಆಯಿಲ್ ಕಡ್ಡಿ ಎಳೆದು ತೋರಿಸಿದ: ಎಣ್ಣೆ ಮಜ್ಜಿಗೆಯಂತಾಗಿತ್ತು. “ನೀರು ಎಣ್ಣಿ ಕೂಡ್ಯಾವ್ರಿ ಸಾಹೇಬ್ರ. ಹೆಡ್ಡು ಸೀಳಿರಬೇಕು. ಆದ್ರ ಈಗ ಬಿಚ್ಚೂದಿಲ್ಲ, ಆರಲಿ” ಎಂದ. ಬಿಸಿಯಿರುವಾಗ ಬೋಲ್ಟು ಸಡಿಲಿಸಿದರೆ ಹೆಡ್ಡು ಸೊಟ್ಟಗಾಗುತ್ತದಂತೆ. ಪದ್ಮಿನಿಯ ಹೆಡ್ಡು ಅಲ್ಯೂಮಿನಿಯಮ್ಮಿನದು, ಕೆಳಗಿನ ಬ್ಲಾಕು ಬೀಡುಕಬ್ಬಿಣದ್ದು. ಕಾದಾಗ ಅಲ್ಯೂಮಿನಿಯಮ್ಮು ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ, ಬೋಲ್ಟುಗಳು ಬಿಡವು. ಅಂಥದರ ಮೇಲೆ ತಣ್ಣೀರು ಬಿದ್ದರೆ ಸೀಳದೆ ಇನ್ನೇನು?

ಶುಕ್ರವಾರ ಹೆಡ್ಡು ಇಳಿಯಿತು. ಕಣ್ಣಿಗೆ ಏನೂ ಕಾಣಿಸಲಿಲ್ಲ. ನೀರಿನ ದಾರಿಗಳಿಗೆಲ್ಲ ರಬ್ಬರು, ತಗಡು ಬಿಗಿದು, ಒಳಗೆ ಗಾಳಿ ತುಂಬಿ ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಮೂರನೆಯ ಸಿಲಿಂಡರಿನಲ್ಲಿ ವಾಲ್ವ್ ಸೀಟಿನಿಂದ ಪ್ಲಗ್ಗಿನ ರಂಧ್ರದವರೆಗೆ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ನಮ್ಮ ಅವಸರವೇ ಅಲ್ಲಿ ಗುಳ್ಳೆಯಾಗಿ ಏಳುತ್ತಿರುವಂತೆ ಕಂಡಿತು.

ಬೇರೆ ಹೆಡ್ಡು ಹಾಕುವುದೋ, ಇದನ್ನೇ ಬೆಸೆಯುವುದೋ? ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರಲ್ಲಿ ಮುಗಿಯಿತು. ಗುಜರಿಯಲ್ಲಿ ಹೆಡ್ಡು ಸಿಕ್ಕೀತು. ಆದರೆ ಅದೂ ಎಲ್ಲಿಯೋ ಸೀಳಿರಬಹುದು, ಅಥವಾ ಮೇಲಿಂದ ಮೇಲೆ ತೆಗೆಸಿ ತೆಳ್ಳಗಾಗಿರಬಹುದು. ಮಿಸ್ತ್ರಿ ತಾಯಿಯವರ ಮುಖ ನೋಡಿದ. “ಅವ್ವಾರ, ಬಸ್ಸಿಗೆ ಹೋದ್ರ ಇವತ್ತ ಮುಟ್ಟತೀರಿ.” ತಾಯಿಯವರು, “ನಾಳೆ ಮಧ್ಯಾಹ್ನದ ಮಟಾ ನೋಡೋಣಪಾ. ಆಮ್ಯಾಲ ಬಸ್ಸು ಇದ್ದೇ ಅದ” ಎಂದರು. ಆ ರಾತ್ರಿ ಧರ್ಮಶಾಲೆಯಲ್ಲಿ ನಮಗೆ ನಿದ್ದೆ ಹತ್ತಲಿಲ್ಲ. ಗಾಡಿಯ ಚಿಂತೆಗಿಂತ, ಘಾಟಿನ ನೆತ್ತಿಯಲ್ಲಿ ಅವರು ಕೇಳಿದ ಮಾತಿನ ಚಿಂತೆಯೇ ಹೆಚ್ಚಾಗಿತ್ತು.

ಶನಿವಾರ ಬೆಳಿಗ್ಗೆ ವೆಲ್ಡಿಂಗು. ಸೀಳಿನ ತುದಿಗಳಲ್ಲಿ ಸಣ್ಣ ತೂತು ಕೊರೆದರು. ಸೀಳು ಮುಂದೆ ಓಡಬಾರದು. ಬಿರುಕನ್ನು ಬುಡದವರೆಗೆ ಕೆತ್ತಿ ಗಾಡಿ ಮಾಡಿ, ಇಡಿಯ ಹೆಡ್ಡನ್ನು ಒಲೆಯಲ್ಲಿ ಹದವಾಗಿ ಕಾಯಿಸಿದರು. ಅಲ್ಯೂಮಿನಿಯಮ್ಮು 660 ಡಿಗ್ರಿಗೆ ಕರಗುತ್ತದೆ. ಅದರ ಮೇಲಿನ ಕಾಣದ ಪೊರೆ ಕರಗಲು 2000 ಡಿಗ್ರಿಗೂ ಮೇಲೆ ಬೇಕು. ಆದ್ದರಿಂದ ಆರ್ಗಾನ್ ಅನಿಲದ ಮರೆಯಲ್ಲಿ, ಪೊರೆಯನ್ನು ಒಡೆಯುತ್ತ ಬೆಸೆಯಬೇಕು. ಬೆಸೆದ ಮೇಲೆ ಮೆಲ್ಲನೆ ಆರಿಸಿ, ವಾಲ್ವ್ ಸೀಟು ಕೂಡಿಸಿ, ಮೇಲ್ಮೈಯನ್ನು ಸಮತಟ್ಟು ಮಾಡಿ, ಮತ್ತೆ ತೊಟ್ಟಿಯಲ್ಲಿ ಮುಳುಗಿಸಿದರು. ಈ ಸಲ ಒಂದು ಗುಳ್ಳೆಯೂ ಇಲ್ಲ.

ಹನ್ನೆರಡು ಬಡಿಯಿತು. ತಾಯಿಯವರು ಬಸ್ಸಿನ ಮಾತೆತ್ತಲಿಲ್ಲ. ಹೊಸ ಗ್ಯಾಸ್ಕೆಟ್ಟು ಇಟ್ಟು, ನಟ್ಟುಗಳನ್ನು ನಡುವಿನಿಂದ ಹೊರಗೆ, ಮೂರು ಸುತ್ತಿನಲ್ಲಿ, ಅಳತೆಯ ಪಾನೆಯಿಂದ ಬಿಗಿದರು. ಹಳೆಯ ಎಣ್ಣೆ ಚೆಲ್ಲಿ ಹೊಸದನ್ನು ಹಾಕಿದರು. ಮೂಲ ಕಾರಣವಾಗಿದ್ದ ಹೂಳು ತುಂಬಿದ ರೇಡಿಯೇಟರನ್ನೂ ತೊಳೆದರು. ಮೂರೂವರೆಗೆ ಪದ್ಮಿನಿ ಉಸಿರಾಡಿದಳು. ಬೀಳ್ಕೊಡುವಾಗ ಮಿಸ್ತ್ರಿ ಹೇಳಿದ: “ಗಾಡಿ ಹೇಳತೈತ್ರಿ ಸಾಹೇಬ್ರ. ಕೇಳೂ ಮಂದಿ ಬೇಕು.”

ಸರ್ಕಾರದ 2021ರ ನಿಯಮದಂತೆ ಐವತ್ತು ವರ್ಷ ತುಂಬಿ ಮೂಲ ರೂಪದಲ್ಲಿ ಉಳಿದ ಖಾಸಗಿ ಗಾಡಿಗೆ ವಿಂಟೇಜ್ ಎಂದು ಹೆಸರು. ಕಡತ ನೋಡುವ ಕೆಲಸದವರಾದ ನಮಗೆ ಆ ನಿಯಮ ಗೊತ್ತಿತ್ತು, ಗಾಡಿಯೇ ಗೊತ್ತಿರಲಿಲ್ಲ.

ನಿಪ್ಪಾಣಿ ದಾಟಿ ಸ್ತವನಿಧಿಯ ಬಳಿ ತವಂದಿ ಘಾಟು ಏರಿದೆವು. ಮುಳ್ಳು ತನ್ನ ಸ್ಥಾನದಲ್ಲಿಯೇ ಇತ್ತು. ಆದರೂ ನೆತ್ತಿಯಲ್ಲಿ ಕಾರು ನಿಲ್ಲಿಸಿ ಬಾನೆಟ್ಟು ತೆರೆದೆವು. ಹೊತ್ತು ಮುಳುಗುತ್ತಿತ್ತು. ತಾಯಿಯವರು ಏನನ್ನೂ ಕೇಳದೆ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು. ಕಾಲು ಗಂಟೆ ಅಲ್ಲಿಯೇ ನಿಂತಿದ್ದೆವು.