ಸಿದ್ದಿಗಳ ಊರಿನಲ್ಲಿ ಒಂದು ಓಟದ ಪಾಠ

ಹುಬ್ಬಳ್ಳಿಯಿಂದ ಹೊರಟ ಬಸ್ಸು ಕಲಘಟಗಿ ದಾಟುವವರೆಗೆ ಬಯಲುಸೀಮೆ. ಆಮೇಲೆ ಕಾಡು ಮೆಲ್ಲಗೆ ರಸ್ತೆಯ ಎರಡೂ ಬದಿಗೆ ಬಂದು ನಿಲ್ಲುತ್ತದೆ. ಯಲ್ಲಾಪುರ ಬರುವ ಹೊತ್ತಿಗೆ ಗಾಳಿಯ ವಾಸನೆಯೇ ಬೇರೆ. ಕಳೆದ ಚಳಿಗಾಲದ ಒಂದು ಭಾನುವಾರ ಈ ದಾರಿಯಲ್ಲಿ ನನ್ನ ಜೊತೆ ಹತ್ತನೆಯ ತರಗತಿಯ ಒಬ್ಬ ಹುಡುಗನೂ ಅವನ ತಂದೆಯೂ ಇದ್ದರು. ತಂದೆಯ ಚೀಲದಲ್ಲಿ ಬಣ್ಣಬಣ್ಣದ ಒಂದು ವರದಿ ಇತ್ತು. ನಮ್ಮ ಪ್ರಯಾಣಕ್ಕೆ ಅದೇ ಕಾರಣ.

ಹುಡುಗ 100 ಮೀಟರ್ ಓಟದಲ್ಲಿ ತಾಲ್ಲೂಕು ಮಟ್ಟಕ್ಕೆ ಹೋಗಿ ಬಂದವನು. ಮಗನಿಗೆ ತಕ್ಕ ವ್ಯಾಯಾಮ, ತಕ್ಕ ಆಹಾರ ಯಾವುದೆಂದು ತಿಳಿಯುವ ಆಸೆಯಿಂದ ತಂದೆ ಅವನ ಎಂಜಲನ್ನು ಒಂದು ಕಂಪನಿಗೆ ಕಳಿಸಿದ್ದರು. ಬಂದ ಉತ್ತರ: ‘ವೇಗದ ಓಟದ ಜೀನ್ ಇಲ್ಲ.’ ಜೊತೆಗೆ, ಅನ್ನ ಕಡಿಮೆ ಮಾಡಬೇಕೆಂಬ ಸಲಹೆ. ಮರುದಿನದಿಂದ ಹುಡುಗ ಮೈದಾನಕ್ಕೆ ಬರಲಿಲ್ಲ. ದೈಹಿಕ ಶಿಕ್ಷಕರು ನನ್ನ ಬಳಿ ಬಂದು, “ಸಾರ್, ಇದು ನಿಮ್ಮ ಸಬ್ಜೆಕ್ಟು” ಎಂದರು. ಕಪ್ಪುಹಲಗೆಯ ಮುಂದೆ ಹೇಳುವುದಕ್ಕಿಂತ ಒಂದು ಊರಿಗೆ ಕರೆದುಕೊಂಡು ಹೋಗುವುದು ಮೇಲೆನಿಸಿತು.

ಸಿದ್ದಿಗಳ ಪೂರ್ವಜರು ಆಫ್ರಿಕದಿಂದ ಬಂದವರು. ಪೋರ್ಚುಗೀಸರೂ ಅರಬ್ ವ್ಯಾಪಾರಿಗಳೂ ಅವರಲ್ಲಿ ಬಹಳ ಮಂದಿಯನ್ನು ಗುಲಾಮರಾಗಿ ತಂದರು. ತಪ್ಪಿಸಿಕೊಂಡವರಿಗೆ ಉತ್ತರ ಕನ್ನಡದ ಕಾಡು ಆಶ್ರಯ ಕೊಟ್ಟಿತು. ಇವರಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಮರು ಮೂವರೂ ಇದ್ದಾರೆ. ಮಾತು ಕೊಂಕಣಿ, ಕನ್ನಡ, ಉರ್ದು. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು ಇವರ ವಂಶಮೂಲದಲ್ಲಿ ಹೆಚ್ಚಿನ ಪಾಲು ಬಂಟು ಭಾಷೆಗಳನ್ನಾಡುವ ಆಫ್ರಿಕನ್ನರದು, ಉಳಿದದ್ದು ಭಾರತದ್ದು ಎಂದು ತೋರಿಸಿತು.

ಆದರೆ ಅದಕ್ಕಿಂತ ಬಹಳ ಮೊದಲೇ ಇವರ ‘ರಕ್ತ’ದ ಮೇಲೆ ಕ್ರೀಡಾಲೋಕದ ಕಣ್ಣು ಬಿದ್ದಿತ್ತು. ಆಫ್ರಿಕದ ಮೂಲದವರಾದ್ದರಿಂದ ಓಟ ಹುಟ್ಟಿನಿಂದಲೇ ಬಂದಿರಬೇಕೆಂಬ ನಂಬಿಕೆಯಿಂದ 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಕೆಲವರು ಪದಕಗಳನ್ನೂ ಗೆದ್ದರು. 1993ರಲ್ಲಿ ಅದು ನಿಂತುಹೋಯಿತು.

ಯಲ್ಲಾಪುರದಿಂದ ಒಳಗೆ ಕೆಲವು ಮೈಲಿ ಹೋದರೆ ಸಿಗುವ ಒಂದು ಕೇರಿಯಲ್ಲಿ ನನ್ನ ಸ್ನೇಹಿತರೊಬ್ಬರು ನಮಗಾಗಿ ಕಾದಿದ್ದರು. ಬೇಲಿಯ ಮೇಲೆ ಬಣ್ಣದ ತುಂಡುಬಟ್ಟೆಗಳ ಕವದಿ ಒಣಗುತ್ತಿತ್ತು. ಅಂಗಳದಲ್ಲಿ ಕೂತಿದ್ದವರು ನನ್ನದೇ ವಯಸ್ಸಿನವರು. ಚಿಕ್ಕಂದಿನಲ್ಲಿ ಆ ತರಬೇತಿಗೆ ಹೋಗಿ ಬಂದವರು. ಚಹಾ ಕೊಟ್ಟು ಹೇಳಿದರು: “ಅಲ್ಲಿ ದಿನಾ ಮೊಟ್ಟೆ, ಹಾಲು ಕೊಡೋರು. ಕಾಲಿಗೆ ಬೂಟು. ಬೆಳಿಗ್ಗೆ ಎಬ್ಬಿಸೋಕೆ ಕೋಚು. ವರ್ಷ ವರ್ಷ ಓಟ ಏರ್ತಾ ಹೋಯ್ತು. ಊರಿಗೆ ಬಂದು ಕೂಲಿಗೆ ಹೋದೆ. ರಕ್ತ ಅದೇ ಇತ್ತಲ್ಲ ಸಾರ್, ಓಟ ಯಾಕೆ ಹೋಯ್ತು?”

ಹುಡುಗನ ತಂದೆ ಚಹಾದ ಲೋಟ ಕೆಳಗಿಟ್ಟರು. ನಾನು ವರದಿಯನ್ನು ಹೊರಗೆ ತೆಗೆಸಿದೆ.

ಅದರಲ್ಲಿದ್ದ ಜೀನಿನ ಹೆಸರು ಎಸಿಟಿಎನ್-3. ಚುರುಕಾಗಿ ಸಂಕುಚಿಸುವ ಸ್ನಾಯು ಎಳೆಗಳಲ್ಲಿನ ಒಂದು ಪ್ರೋಟೀನಿಗೆ ಇದೇ ನಕ್ಷೆ. ತಾಯಿಯಿಂದ ಒಂದು, ತಂದೆಯಿಂದ ಒಂದು ಪ್ರತಿ ಬರುತ್ತದೆ. ಎರಡೂ ‘ಎಕ್ಸ್’ ಬಗೆಯವಾದರೆ ಆ ಪ್ರೋಟೀನು ತಯಾರಾಗದು. ಪ್ರಪಂಚದಲ್ಲಿ 100ಕ್ಕೆ ಸುಮಾರು 18 ಮಂದಿ ಹೀಗಿದ್ದಾರೆ; ಅದು ರೋಗವೇನೂ ಅಲ್ಲ. 2003ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಅಗ್ರ ದರ್ಜೆಯ ವೇಗದ ಓಟಗಾರರಲ್ಲಿ ಇಂಥವರು ಕಡಿಮೆ ಎಂದು ಕಂಡರು. ವರದಿಯ ಆಧಾರ ಅಷ್ಟೇ.

ಈಗ ಆಫ್ರಿಕ ನೋಡಿ. ಕೀನ್ಯ, ನೈಜೀರಿಯಗಳಲ್ಲಿ ಎರಡೂ ‘ಎಕ್ಸ್’ ಇರುವವರು 100ಕ್ಕೆ ಒಬ್ಬರಷ್ಟೇ. ಅಂದರೆ ಹೆಚ್ಚುಕಡಿಮೆ ಎಲ್ಲರಲ್ಲೂ ಆ ‘ವೇಗದ ಜೀನ್’ ಇದೆ. ಅಂಗಡಿಯವನಿಗೂ ಇದೆ, ಚಾಂಪಿಯನ್ನನಿಗೂ ಇದೆ. ಎಲ್ಲರಲ್ಲೂ ಇರುವುದು ಒಬ್ಬನನ್ನು ಆರಿಸಿಕೊಡುವುದು ಹೇಗೆ? ಇತ್ತ, ಎರಡೂ ‘ಎಕ್ಸ್’ ಇದ್ದ ಸ್ಪೇನಿನ ಒಬ್ಬ ಉದ್ದಜಿಗಿತಗಾರ 8.26 ಮೀಟರ್ ಜಿಗಿದು ಒಲಿಂಪಿಕ್ಸಿಗೂ ಹೋದದ್ದು 2007ರಲ್ಲಿ ವರದಿಯಾಗಿದೆ.

ಆಹಾರದ ಮಾತೂ ಹಾಗೆಯೇ. 2018ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ವರ್ಷ ಒಬ್ಬರಿಗೆ ಕೊಬ್ಬು ಕಡಿಮೆ, ಇನ್ನೊಬ್ಬರಿಗೆ ಪಿಷ್ಟ ಕಡಿಮೆ ಇರುವ ಊಟ ಸೂಚಿಸಿದರು. ಯಾರಿಗೆ ಯಾವ ಊಟದಿಂದ ತೂಕ ಇಳಿಯುವುದೆಂದು ಅವರು ಪರೀಕ್ಷಿಸಿದ ಜೀನುಗಳು ಹೇಳಲಿಲ್ಲ. ಮನೆತನದಲ್ಲಿ ಹೃದ್ರೋಗವಿದ್ದು ವೈದ್ಯರೇ ಬರೆದುಕೊಟ್ಟರೆ ಜೀನ್ ಪರೀಕ್ಷೆ ಜೀವ ಉಳಿಸಬಹುದು. ಮಕ್ಕಳ ಕ್ರೀಡಾ ಪ್ರತಿಭೆ ಹುಡುಕಲು ಮಾತ್ರ ಈ ಪರೀಕ್ಷೆಗಳು ಬೇಡವೆಂದು ಕ್ರೀಡಾವೈದ್ಯ ತಜ್ಞರು 2015ರಲ್ಲೇ ಒಮ್ಮತದಿಂದ ಹೇಳಿದ್ದಾರೆ.

ತಪ್ಪು ಕಂಪನಿಯದಷ್ಟೇ ಅಲ್ಲ. ಮೆಂಡೆಲನ ಬಟಾಣಿ ಗಿಡ ತೋರಿಸಿ, ಒಂದು ಗುಣಕ್ಕೆ ಒಂದು ಜೀನ್ ಎಂಬಂತೆ ಪಾಠ ಮುಗಿಸುವ ನನ್ನಂಥ ಮೇಷ್ಟ್ರುಗಳ ಪಾಲೂ ಇದೆ. ಓಟದ ಹಿಂದೆ ನೂರಾರು ಜೀನುಗಳಿವೆ. ಒಂದೊಂದರ ಪಾಲು ಚೂರು. ಅವುಗಳ ಜೊತೆಗೆ ಊಟ, ನಿದ್ದೆ, ಬೂಟು, ಬೆಳಿಗ್ಗೆ ಎಬ್ಬಿಸುವ ಒಬ್ಬರು ಸೇರಬೇಕು. ಅಂದು ಒಂದು ಜನಾಂಗದ ಮುಖ ನೋಡಿ ‘ನೀವು ಓಡುವವರು’ ಎಂದೆವು. ಇಂದು ಒಬ್ಬ ಹುಡುಗನ ಎಂಜಲು ನೋಡಿ ‘ನೀನು ಓಡುವವನಲ್ಲ’ ಎನ್ನುತ್ತಿದ್ದೇವೆ. ಎರಡೂ ಒಂದೇ ಜರಡಿ.

ಮಾತು ಮುಗಿಯುವಷ್ಟರಲ್ಲಿ ಹುಡುಗ ಅಂಗಳದಲ್ಲಿರಲಿಲ್ಲ. ಕೇರಿಯ ಮಕ್ಕಳು ಗದ್ದೆಯ ಬಯಲಿನಲ್ಲಿ ಪಂದ್ಯ ಹೂಡಿದ್ದರು. ಬರಿಗಾಲಿನ ಒಬ್ಬಳು ಹುಡುಗಿ ಇವನನ್ನು ಎರಡು ಮಾರು ಹಿಂದೆ ಹಾಕಿದಳು. ಉಳಿದ ಮೂವರನ್ನು ಇವನು ಹಿಂದೆ ಹಾಕಿದ. ಆ ಮೂವರ ಜೀನುಗಳ ಬಗ್ಗೆ ಯಾರೂ ವಿಚಾರಿಸಲಿಲ್ಲ.

ಬಸ್ಸಿನಲ್ಲಿ ತಂದೆ, “ಹಾಗಾದರೆ ಊಟಕ್ಕೆ ಏನು ಕೊಡಲಿ?” ಎಂದು ಕೇಳಿದರು. ಅನ್ನ, ರೊಟ್ಟಿ, ಬೇಳೆ, ಮೊಟ್ಟೆ, ಒಂದು ಹಿಡಿ ಶೇಂಗಾ, ರಾತ್ರಿ ಎಂಟು ತಾಸು ನಿದ್ದೆ ಎಂದೆ. ಹುಡುಗ ಆಗಲೇ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದ. ಅವನ ಪಾದಗಳ ತುಂಬ ಗದ್ದೆಯ ಮಣ್ಣಿತ್ತು.