ನೆಲದ ಸುಜೂದ್, ಕುರ್ಚಿಯ ಸುಜೂದ್

ಒಂದೇ ಮಂಡಿಗೆ ಎರಡು ಬಾರಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವನನ್ನು ಕಂಡರೆ, ಮೊದಲನೆಯದು ವಿಫಲವಾಗಿರಬೇಕು ಎಂದೇ ಜನರು ಭಾವಿಸುತ್ತಾರೆ. 2010ರಲ್ಲಿ, ನನ್ನ 48ನೆಯ ವಯಸ್ಸಿನಲ್ಲಿ, ಎಡಗಾಲಿನ ಎಲುಬನ್ನು ಕತ್ತರಿಸಿ ನೇರಗೊಳಿಸಲಾಯಿತು. 2023ರಲ್ಲಿ ಅದೇ ಕಾಲಿನ ಮಂಡಿಯ ಕೀಲನ್ನೇ ಬದಲಿಸಲಾಯಿತು. "ಅಂದೇ ಬದಲಿಸಿದ್ದರೆ ಒಂದೇ ನೋವಿನಲ್ಲಿ ಮುಗಿಯುತ್ತಿತ್ತಲ್ಲ ಮಾಸ್ಟ್ರೇ?" ಎಂದು ಮಸೀದಿಯ ಅಂಗಳದಲ್ಲಿ ಕೇಳಿದವರು ಅನೇಕರು. ಈಗ ನನ್ನ ಸೋದರಳಿಯನಿಗೂ ವೈದ್ಯರು ಎಲುಬು ನೇರಗೊಳಿಸುವ ಶಸ್ತ್ರಚಿಕಿತ್ಸೆಯನ್ನೇ ಸೂಚಿಸಿದ್ದಾರೆ. ಅವನ ಮನೆಯವರೂ ಇದೇ ಪ್ರಶ್ನೆಯನ್ನು ಮುಂದಿಟ್ಟಿರುವುದರಿಂದ ಉತ್ತರವನ್ನು ಬರೆದೇ ಹೇಳುವುದು ಲೇಸೆನಿಸಿತು.

ನನ್ನ ಕಾಲುಗಳು ಹುಟ್ಟಿನಿಂದಲೂ ಬಿಲ್ಲಿನಂತೆ ಹೊರಕ್ಕೆ ಬಾಗಿದವು. ಅಂಥ ಕಾಲುಗಳಲ್ಲಿ ದೇಹದ ಭಾರವು ಮಂಡಿಯ ಮಧ್ಯದಲ್ಲಿ ಸಮನಾಗಿ ಹಂಚಿಹೋಗದೆ ಒಳಬದಿಯ ಮೇಲೆಯೇ ಬೀಳುತ್ತದೆ. ವರ್ಷಗಳು ಕಳೆದಂತೆ ಆ ಬದಿಯ ಮೃದ್ವಸ್ಥಿ ಸವೆಯುತ್ತದೆ. ಸವೆದಷ್ಟೂ ಕಾಲು ಮತ್ತಷ್ಟು ಬಾಗುತ್ತದೆ. ಬಾಗಿದಷ್ಟೂ ಸವೆತ ಹೆಚ್ಚುತ್ತದೆ. ನನ್ನ ಮಂಡಿಯ ಹೊರಬದಿ ಮಾತ್ರ ಇನ್ನೂ ಚೆನ್ನಾಗಿತ್ತು. ಆದ್ದರಿಂದ ವೈದ್ಯರು ಮಂಡಿಯ ಕೆಳಗಿನ ದೊಡ್ಡ ಎಲುಬಿನಿಂದ, ಹೊರಬದಿಯಲ್ಲಿ, ಬೆಣೆಯಾಕಾರದ ಒಂದು ತುಂಡನ್ನು ತೆಗೆದು, ಆ ಸಂದನ್ನು ಮುಚ್ಚಿ, ಪ್ಲೇಟ್ ಮತ್ತು ಸ್ಕ್ರೂಗಳಿಂದ ಬಿಗಿದರು. ಭಾರವು ಸವೆದ ಬದಿಯಿಂದ ಸವೆಯದ ಬದಿಗೆ ಸರಿಯಿತು. ಇದು ಹೊಸ ವಿದ್ಯೆಯೇನಲ್ಲ. ಅಮೆರಿಕದ ಮೇಯೋ ಕ್ಲಿನಿಕ್‌ನ ಮಾರ್ಕ್ ಕವೆಂಟ್ರಿ 1965ರಲ್ಲೇ ಈ ಕುರಿತು ಬರೆದು ಇದನ್ನು ಪ್ರಚುರಪಡಿಸಿದ್ದರು. ಈಗ ಹೆಚ್ಚಿನ ಕಡೆ ಒಳಬದಿಯಿಂದ ಎಲುಬನ್ನು ಕೊಯ್ದು ತೆರೆದು ನಿಲ್ಲಿಸುವ ಕ್ರಮವೇ ರೂಢಿಯಲ್ಲಿದೆ.

"ಇದು ಶಾಶ್ವತ ಪರಿಹಾರವಲ್ಲ ಮಾಸ್ಟ್ರೇ, ಸುಮಾರು ಹತ್ತು ವರ್ಷದ ಅವಕಾಶ" ಎಂದು ವೈದ್ಯರು ಅಂದೇ ಸ್ಪಷ್ಟವಾಗಿ ಹೇಳಿದ್ದರು. ಎಲುಬು ಕೂಡಿಕೊಳ್ಳುವವರೆಗೆ ಕೆಲವು ತಿಂಗಳು ಊರುಗೋಲು. ಆ ಬಳಿಕ ಹನ್ನೊಂದು ವರ್ಷ ನಾನು ನೆಲದ ಮೇಲೆ ಸುಜೂದ್ ಮಾಡಿದೆ. ಇದನ್ನು ಕೇಳುವವರು ಗಮನಿಸುವುದಿಲ್ಲ. ದಿನಕ್ಕೆ ಫರ್ಳ್ ನಮಾಝ್‌ಗಳಲ್ಲೇ 17 ರಕಅತ್, ಅಂದರೆ 34 ಸುಜೂದ್. ಹನ್ನೊಂದು ವರ್ಷಗಳ ಲೆಕ್ಕ ಹಾಕಿದರೆ 1,35,000ದ ಆಸುಪಾಸು. ಸುನ್ನತ್ತುಗಳೂ ರಮಝಾನಿನ ತರಾವೀಹ್‌ಗಳೂ ಇದರಲ್ಲಿ ಸೇರಿಲ್ಲ. ಗಣಿತದ ಮೇಷ್ಟ್ರಾಗಿದ್ದವನಿಗೆ ಲೆಕ್ಕ ಹಾಕುವ ಚಟ ಬಿಡುವುದಿಲ್ಲ, ಕ್ಷಮಿಸಿ. ಆದರೆ ಇಷ್ಟೂ ಬಾರಿ ನನ್ನ ಹಣೆ ಮಣ್ಣಿನ ಮಟ್ಟಕ್ಕೆ ಇಳಿದದ್ದು, ಅಲ್ಲಾಹನ ಅನುಗ್ರಹದಿಂದ, ಆ ಮೊದಲ ಶಸ್ತ್ರಚಿಕಿತ್ಸೆಯ ಮೂಲಕ. ನನ್ನದೇ ಕೀಲು ಉಳಿದಿದ್ದರಿಂದ ಮಂಡಿ ಪೂರ್ತಿ ಮಡಚುತ್ತಿತ್ತು.

ಅಂದೇ ಕೀಲು ಬದಲಿಸಿದ್ದರೆ? ಲೋಹ ಮತ್ತು ಪ್ಲಾಸ್ಟಿಕ್‌ನ ಕೀಲಿಗೂ ಸವೆತವಿದೆ, ಸಡಿಲಗೊಳ್ಳುವ ಸಾಧ್ಯತೆಯಿದೆ. ಬ್ರಿಟನ್ನಿನ ರೋಗಿಗಳ ದಾಖಲೆಗಳನ್ನು ಆಧರಿಸಿ 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಷಯದಲ್ಲಿ ಕಣ್ತೆರೆಸುವಂಥದ್ದು. 70 ದಾಟಿದ ಮೇಲೆ ಮಂಡಿ ಬದಲಿಸಿಕೊಂಡವರಲ್ಲಿ ಸುಮಾರು 20ರಲ್ಲಿ ಒಬ್ಬರಿಗಷ್ಟೇ ಜೀವಿತಾವಧಿಯಲ್ಲಿ ಮರುಶಸ್ತ್ರಚಿಕಿತ್ಸೆ ಬೇಕಾಗುತ್ತದೆ. 50ರ ಆರಂಭದಲ್ಲಿ ಬದಲಿಸಿಕೊಂಡ ಪುರುಷರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ. ಕೃತಕ ಕೀಲನ್ನು ಕಿತ್ತು ಮತ್ತೊಂದನ್ನು ಕೂರಿಸುವುದು ಎಲುಬಿನ ನಷ್ಟದ ದೃಷ್ಟಿಯಿಂದ ಬಲು ಕಷ್ಟದ ಕೆಲಸ. ಎರಡು ಬಾರಿ ಕೊಯ್ಸಿಕೊಳ್ಳುವುದು ಹೇಗೂ ಸಂಭವನೀಯವಾಗಿತ್ತು. ಮೊದಲನೆಯದರಲ್ಲಿ ನನ್ನ ಸ್ವಂತ ಕೀಲು ಉಳಿಯಿತು ಎಂಬುದೇ ನನ್ನ ಲಾಭ.

ಆದರೆ ನೇರಗೊಳಿಸಿದ ಎಲುಬಿನ ಮೇಲೆ ಕೃತಕ ಕೀಲು ಕೂರಿಸುವುದು ಸಾಮಾನ್ಯ ಮಂಡಿ ಬದಲಾವಣೆಯಷ್ಟು ಸರಳವಲ್ಲ ಎಂಬುದನ್ನೂ ಮುಚ್ಚಿಡಬಾರದು. 2023ರಲ್ಲಿ ಕಂಡ ವೈದ್ಯರು ಮೊದಲು ಕೇಳಿದ್ದು ಹಳೆಯ ಶಸ್ತ್ರಚಿಕಿತ್ಸೆಯ ಕಾಗದಗಳನ್ನು. ಯಾವ ಪ್ಲೇಟ್, ಯಾವ ಸ್ಕ್ರೂ ಎಂದು ತಿಳಿದರೆ ಅದನ್ನು ತೆಗೆಯಲು ತಕ್ಕ ಸಲಕರಣೆಯನ್ನು ಸಿದ್ಧವಿಟ್ಟುಕೊಳ್ಳಬಹುದು. ಬಳಿಕ ಸೊಂಟದಿಂದ ಪಾದದವರೆಗೆ ನಿಂತ ಭಂಗಿಯ ಎಕ್ಸ್‌ರೇ. ಹಳೆಯ ಗಾಯದೊಳಗೆ ಸೋಂಕು ಅಡಗಿಲ್ಲವೆಂದು ಖಚಿತಪಡಿಸಿಕೊಳ್ಳಲು ರಕ್ತಪರೀಕ್ಷೆ. ಹಳೆಯ ಹೊಲಿಗೆಯ ಗುರುತನ್ನು ಅವರು ಬಹಳ ಹೊತ್ತು ನೋಡಿದರು. ಹಳೆಯ ಗಾಯಕ್ಕೂ ಹೊಸ ಗಾಯಕ್ಕೂ ನಡುವೆ ಉಳಿಯುವ ಚರ್ಮದ ಪಟ್ಟಿ ತೀರಾ ಕಿರಿದಾದರೆ ರಕ್ತ ಸಾಲದೆ ಅದು ಸಾಯಬಹುದಂತೆ.

ಎಕ್ಸ್‌ರೇಯಲ್ಲಿ ಎರಡು ತೊಡಕುಗಳು ಕಂಡವು. ಮಂಡಿಚಿಪ್ಪು ಇರಬೇಕಾದುದಕ್ಕಿಂತ ಕೆಳಗಿತ್ತು. ಎಲುಬು ನೇರಗೊಳಿಸಿದ ಮೇಲೆ ಚಿಪ್ಪಿನ ಕೆಳಗಿನ ಸ್ನಾಯುರಜ್ಜು ಕುಗ್ಗುವುದು ಹಲವರಲ್ಲಿ ಕಾಣುವ ಪರಿಣಾಮ. ಅದರಿಂದ ಚಿಪ್ಪನ್ನು ಪಕ್ಕಕ್ಕೆ ಸರಿಸಿ ಮಂಡಿಯನ್ನು ತೆರೆಯುವುದು ಕಷ್ಟವಾಗುತ್ತದೆ. ಇನ್ನೊಂದು, ಬೆಣೆ ತೆಗೆದ ಕಾರಣ ಎಲುಬಿನ ಮೇಲ್ತಲೆಯ ನಡುಭಾಗವೂ ಕೆಳಗಿನ ಕಾಂಡದ ನಡುಭಾಗವೂ ಒಂದೇ ಗೆರೆಯಲ್ಲಿರಲಿಲ್ಲ. ಕೃತಕ ಕೀಲಿನ ಕೆಳಭಾಗದ ದಂಡವು ಆ ಕಾಂಡದೊಳಗೇ ಇಳಿಯಬೇಕಲ್ಲವೇ? ಸಾಮಾನ್ಯ ದಂಡ ಇಳಿಸಿದರೆ ಎಲುಬಿನ ಗೋಡೆಗೆ ತಾಗುವ ಅಪಾಯವಿದ್ದುದರಿಂದ ಬೇರೆ ಬಗೆಯದನ್ನು ತರಿಸಲಾಯಿತು. ಖರ್ಚಿನ ಬಗ್ಗೆ ಒಂದೇ ಮಾತು: 2017ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರವು ಮಂಡಿಯ ಕೃತಕ ಕೀಲುಗಳಿಗೆ ಗರಿಷ್ಠ ದರ ನಿಗದಿಪಡಿಸಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಅಂದು ತೆರಿಗೆ ಹೊರತುಪಡಿಸಿ 54,720 ರೂಪಾಯಿ. ಆಸ್ಪತ್ರೆಯ ಇತರ ವೆಚ್ಚ ಬೇರೆ. ಬಿಲ್ಲಿನಲ್ಲಿ ಕೀಲಿನ ದರವನ್ನು ಪ್ರತ್ಯೇಕವಾಗಿ ತೋರಿಸುವಂತೆ ಕೇಳಿಕೊಳ್ಳಿ.

ಫಲಿತಾಂಶದ ವಿಚಾರ. ಮಂಡಿ ಬದಲಾವಣೆಗಳನ್ನು ಒಂದೊಂದಾಗಿ ನೋಂದಾಯಿಸಿಕೊಳ್ಳುವ ದೇಶಗಳಲ್ಲಿ ಇದನ್ನು ಹೋಲಿಸಿ ನೋಡಿದ್ದಾರೆ. ನಾರ್ವೆಯ ದಾಖಲೆಗಳಲ್ಲಿ, ಮೊದಲೇ ಎಲುಬು ನೇರಗೊಳಿಸಿಕೊಂಡವರ ಮತ್ತು ಹಾಗೆ ಮಾಡಿಸಿಕೊಳ್ಳದವರ ಕೃತಕ ಕೀಲುಗಳ ಬಾಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಂಡಿಲ್ಲ. ಫಿನ್‌ಲೆಂಡಿನಲ್ಲಿ ಮೊದಲನೆಯವರ ಬಾಳಿಕೆ ಸ್ವಲ್ಪ ಕಡಿಮೆಯೆಂದು ಕಂಡಿದೆ. ಸಮಯ ಹೆಚ್ಚು ಹಿಡಿಯುತ್ತದೆ, ವೈದ್ಯರಿಗೆ ಶ್ರಮ ಹೆಚ್ಚು. ನೋವಿನ ಶಮನ ಮಾತ್ರ ಹೆಚ್ಚುಕಡಿಮೆ ಸಮಾನ. ನನ್ನ ಅನುಭವವೂ ಹಾಗೆಯೇ ಇದೆ. ರಾತ್ರಿ ನಿದ್ರೆ ಕೆಡಿಸುತ್ತಿದ್ದ ನೋವು ಇಂದಿಲ್ಲ, ಅಲ್‌ಹಮ್ದುಲಿಲ್ಲಾಹ್. ಫಜ್ರ್‌ಗೆ ನಡೆದೇ ಮಸೀದಿಗೆ ಹೋಗುತ್ತೇನೆ. ಮಂಡಿಯ ಮುಂಭಾಗದಲ್ಲಿ ಅಂಗೈ ಅಗಲದಷ್ಟು ಜಾಗ ಜೋಮು ಹಿಡಿದಂತಿದೆ. ಮಂಡಿ 105 ಡಿಗ್ರಿಯವರೆಗೆ ಮಡಚುತ್ತದೆ.

ಆ 105ರಲ್ಲಿಯೇ ನನ್ನ ದುಃಖವಿದ್ದದ್ದು. ಎರಡು ಸುಜೂದ್‌ಗಳ ನಡುವೆ ಕಾಲ ಮೇಲೆ ಕುಳಿತುಕೊಳ್ಳಲು ಅದಕ್ಕಿಂತ ಬಹಳ ಹೆಚ್ಚು ಮಡಚಬೇಕು. ಇನ್ನು ಮುಂದೆ ಕುರ್ಚಿಯೇ ಎಂದು ವೈದ್ಯರು ಮೊದಲೇ ಹೇಳಿದ್ದರಿಂದ ಶಸ್ತ್ರಚಿಕಿತ್ಸೆಯನ್ನು ಒಂದು ವರ್ಷ ಮುಂದೂಡಿದೆ. ಹಿಂದಿನ ರಾತ್ರಿಯ ಇಶಾದಲ್ಲಿ ನೋವನ್ನು ಸಹಿಸಿಕೊಂಡು ನೆಲದ ಮೇಲೆಯೇ ಸುಜೂದ್ ಮಾಡಿದೆ. ಕೊನೆಯ ಸುಜೂದ್‌ನಿಂದ ಏಳಲು ಮನಸ್ಸಾಗಲಿಲ್ಲ. ಬಾಗಿಲ ಬಳಿ ನಿಂತಿದ್ದ ಮಡದಿ ನೋವಿನಿಂದ ಏಳಲಾಗುತ್ತಿಲ್ಲವೆಂದು ಭಾವಿಸಿ ಮಗನನ್ನು ಕರೆದಳು.

ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ ಎಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ಚಿಕಿತ್ಸೆ ಮಾಡಿಕೊಳ್ಳಬೇಕೇ ಎಂದು ಕೇಳಿದ ಗ್ರಾಮೀಣ ಅರಬರಿಗೆ ಪ್ರವಾದಿ(ಸ)ಯವರು ಮಾಡಿಕೊಳ್ಳುವಂತೆಯೇ ಹೇಳಿದ್ದರು. ಔಷಧವಿಲ್ಲದ ಕಾಯಿಲೆ ಮುಪ್ಪು ಮಾತ್ರವೆಂದೂ ತಿಳಿಸಿದ್ದರು. ದೇಹದೊಳಗೆ ಲೋಹವೇ ಎಂದು ಹುಬ್ಬೇರಿಸಿದ ಹಿರಿಯರೊಬ್ಬರಿಗೆ ನಾನು ಅರ್ಫಜ(ರ)ರನ್ನು ನೆನಪಿಸಿದೆ. ಯುದ್ಧದಲ್ಲಿ ಮೂಗು ಕಳೆದುಕೊಂಡ ಅವರು ಬೆಳ್ಳಿಯ ಮೂಗನ್ನು ಹಾಕಿಸಿಕೊಂಡಿದ್ದರು. ಅದು ದುರ್ವಾಸನೆ ಬೀರತೊಡಗಿದಾಗ, ಪುರುಷರಿಗೆ ಚಿನ್ನ ನಿಷಿದ್ಧವಾಗಿದ್ದರೂ ಚಿನ್ನದ ಮೂಗು ಹಾಕಿಸಿಕೊಳ್ಳಲು ಪ್ರವಾದಿ(ಸ)ಯವರು ಹೇಳಿದರು.

ಸುಜೂದ್‌ನ ವಿಷಯ ಮಾತ್ರ ಮನಸ್ಸನ್ನು ಕೊರೆಯುತ್ತಿತ್ತು. ನಮ್ಮ ಉಸ್ತಾದರ ಬಳಿ ಹೋದಾಗ ಅವರು ಇಮ್ರಾನ್ ಬಿನ್ ಹುಸೈನ್(ರ)ರ ಹದೀಸನ್ನು ವಿವರಿಸಿದರು. ಮೂಲವ್ಯಾಧಿಯಿಂದ ನರಳುತ್ತಿದ್ದ ಆ ಸಹಾಬಿಗೆ ನಿಂತು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ನಮಾಝ್ ಮಾಡಲು ಕಲಿಸಲಾಗಿತ್ತು. ಆರೋಗ್ಯವಿದ್ದಾಗ ಮಾಡುತ್ತಿದ್ದ ಸತ್ಕರ್ಮದ ಪ್ರತಿಫಲವು ರೋಗಿಗೆ ಬರೆಯಲ್ಪಡುತ್ತಲೇ ಇರುತ್ತದೆ ಎಂಬ ಹದೀಸನ್ನೂ ಅವರು ಹೇಳಿದರು. ಆಗ ನನ್ನ 1,35,000ದ ಲೆಕ್ಕಕ್ಕೆ ಬೇರೆಯೇ ಅರ್ಥ ಬಂತು.

ಕುರ್ಚಿ ಸಿಕ್ಕಿತೆಂದು ತಕ್ಬೀರ್‌ನಿಂದ ಸಲಾಮ್‌ವರೆಗೆ ಕುಳಿತೇ ಇರುವುದು ನಮ್ಮ ಮಸೀದಿಗಳಲ್ಲಿ ಹೆಚ್ಚುತ್ತಿದೆ. ಶಾಫಿಈ ಮದ್ಹಬ್‌ನಲ್ಲಿ ನಿಲ್ಲಲು ಸಾಧ್ಯವಿರುವವನು ನಿಲ್ಲಲೇಬೇಕು. ಸುಜೂದ್ ಆಗುವುದಿಲ್ಲವೆಂಬ ಕಾರಣಕ್ಕೆ ನಿಲ್ಲುವ ಬಾಧ್ಯತೆ ತಪ್ಪುವುದಿಲ್ಲ. ಹನಫೀ ವಿದ್ವಾಂಸರು ಈ ವಿಷಯದಲ್ಲಿ ಸಡಿಲಿಕೆ ನೀಡಿದ್ದಾರೆ. ನಾನು ನಿಂತು ಕಿರಾಅತ್ ಮಾಡುತ್ತೇನೆ, ನಿಂತೇ ರುಕೂಅ್ ಮಾಡುತ್ತೇನೆ, ಸುಜೂದ್‌ಗೆ ಕುರ್ಚಿಯಲ್ಲಿ ಕುಳಿತು ರುಕೂಅ್‌ಗಿಂತ ಹೆಚ್ಚು ಬಾಗುತ್ತೇನೆ. ಹೊಸ ಮಂಡಿಗೆ ನಿಲ್ಲುವುದು ಕಷ್ಟವೇ ಅಲ್ಲ. ಮಂಡಿ ಬದಲಿಸಿಕೊಂಡ ಹನಫೀ ಸಹೋದರರು ತಮ್ಮ ವಿದ್ವಾಂಸರನ್ನು ಕೇಳಿಕೊಳ್ಳಲಿ.

ಸೋದರಳಿಯನ ವಿಚಾರಕ್ಕೆ ಬರುತ್ತೇನೆ. ಅವನಿಗೀಗ 44. ಸವೆತ ಒಳಬದಿಯಲ್ಲಿ ಮಾತ್ರ, ಮಂಡಿ ಚೆನ್ನಾಗಿ ಮಡಚುತ್ತದೆ, ಸಂಧಿವಾತದಂಥ ಬೇರೆ ರೋಗವಿಲ್ಲ. ಇಂಥವರಿಗಾಗಿಯೇ ಇರುವ ಶಸ್ತ್ರಚಿಕಿತ್ಸೆಯಿದು. ಎರಡೂ ಬದಿ ಸವೆದವರಿಗಲ್ಲ. ಮುಂದೊಂದು ದಿನ ಕೀಲು ಬದಲಿಸಬೇಕಾಗಬಹುದೆಂದು ಹೆದರಿ ಇದನ್ನು ಬಿಡಬೇಡವೆಂದು ಅವನಿಗೆ ಹೇಳಿದ್ದೇನೆ. ಪ್ಲೇಟಿನ ವಿವರವಿರುವ ಕಾಗದಗಳನ್ನು ಜೋಪಾನವಾಗಿಡು ಎಂದೂ ಹೇಳಿದ್ದೇನೆ. ಕೊಯ್ದ ಎಲುಬು ಕೂಡಿಕೊಳ್ಳಲು ಹೊಗೆ ಅಡ್ಡಿಯಾಗುವುದರಿಂದ ಬೀಡಿ ಬಿಟ್ಟ ಮೇಲೆಯೇ ದಿನ ಕೊಡುವುದಾಗಿ ವೈದ್ಯರು ಷರತ್ತು ಹಾಕಿದ್ದಾರೆ. ಬಿಟ್ಟು ಇಂದಿಗೆ ಹತ್ತೊಂಬತ್ತು ದಿನವೆಂದು ಅವನ ತಾಯಿ, ನನ್ನ ತಂಗಿ, ಫೋನಿನಲ್ಲಿ ತಿಳಿಸಿದಳು. ದುಆ ಮಾಡಿ.